ಕಾಲ ಮೇಲೆ ಕಾಲು ಹಾಕಿ ಕೂತ ಸಾಮ್ರಾಜ್ಯ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರ ಪಂಚಮಿಯ ದಿನ. ಊರಿಗೆ ಊರೇ ಜೋಕಾಲಿ ಜೀಕುತ್ತಿತ್ತು. ನಾನು ನಮ್ಮ ಕನ್ನಡ ಸಾಲಿಯ ಹಿಂದಿನ ಗೋಡೆಗೆ ಇದ್ದಿಲಿನಿಂದ ಒಂದು ಜೋಕಾಲಿ ಬರೆದು, ಪಂಚಾಯ್ತಿ ಅಧ್ಯಕ್ಷಗಿರಿಗೆ ಬಡಿದಾಡುತ್ತಿದ್ದ ಇಬ್ಬರನ್ನೂ ಅದರ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದೆ. ಇಬ್ಬರ ಕೈಗೂ ಒಂದೊಂದು ಕುಡಗೋಲು ಕೊಟ್ಟೆ. ಒಬ್ಬ ಈ ಕಡೆಯ ಹಗ್ಗ ಕೊಯ್ಯುತ್ತಿದ್ದ, ಇನ್ನೊಬ್ಬ ಆ ಕಡೆಯದು. ಒಬ್ಬರ ನೆರಳು ಒಬ್ಬರಿಗೆ ಆಗದಿದ್ದ ಆ ಇಬ್ಬರೂ ಮಧ್ಯಾಹ್ನದೊಳಗೆ ಜೋಡಿಯಾಗಿ ನಮ್ಮ ಮನೆ ಹುಡುಕಿಕೊಂಡು ಬಂದರು. ಅವರು ತಲಬಾಗಿಲಲ್ಲಿದ್ದಾಗ ನಾನು ಹಿತ್ತಲ ಬಾಗಿಲಲ್ಲಿದ್ದೆ, ಕಿಸೆ ತುಂಬ ಶೇಂಗಾ ಉಂಡಿ. ನನ್ನ ಓದು ಅಲ್ಲಿಗೆ ಸಂಪೂರ್ಣವಾಯಿತು.

ಅಂದಿನಿಂದ ಇದೇ ಹಣೆಬರಹ. ಹುಬ್ಬಳ್ಳಿಯಲ್ಲಿ ಲಾರಿಗಳ ಬೆನ್ನಿಗೆ ನವಿಲು ಬರೆದೆ, ನಾಟಕ ಕಂಪನಿಗೆ ಪರದೆ ಬರೆದೆ, ಗೋವಾ, ಮುಂಬೈ, ಮಸ್ಕತ್ತು ಅಂತ ಅಲೆದು ಬೋರ್ಡು ಬರೆದೆ. ಎಲ್ಲಿ ಹೋದರೂ ನಾನು ಒಬ್ಬರನ್ನು ಬರೆದರೆ ಅದು ಇನ್ನೊಬ್ಬರಿಗೆ ತಾಕುತ್ತದೆ. ಮಸ್ಕತ್ತಿನಲ್ಲಿ ಪರಿಚಯವಾದ ಪಂಜಾಬಿ ಪಾಜಿಯೊಬ್ಬ ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ಬೋರ್ಡಿನ ಅಂಗಡಿ ಹಾಕಿ ನನ್ನನ್ನು ಕರೆಸಿಕೊಂಡ. ದೇಶ ಬದಲಾಯಿತು, ಹಿಮ ಬಿತ್ತು, ನನ್ನ ಚಾಳಿ ಮಾತ್ರ ಹಾಗೇ ಉಳಿಯಿತು. ಅಲ್ಲಿ ನಡೆದ ಕೆಲವನ್ನು ಹೇಳುತ್ತೇನೆ.

೧. ಕಿಟಕಿಯ ಎತ್ತರ

ನಾನಿದ್ದದ್ದು ಬ್ರ್ಯಾಂಪ್ಟನ್ ಪಕ್ಕದ ಸ್ಟ್ರೀಟ್ಸ್‌ವಿಲ್‌ನ ಒಂದು ಮನೆಯ ಬೇಸ್‌ಮೆಂಟಿನಲ್ಲಿ. ಮಾಲೀಕರು ಹುಬ್ಬಳ್ಳಿ ಕಡೆಯವರು, ಟ್ರಕ್ಕು ಓಡಿಸಿ ಓಡಿಸಿ ಈಗ ಬೇರೆಯವರ ಕೈಲಿ ಟ್ರಕ್ಕು ಓಡಿಸುವವರು. ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು, ನಾನೂ ಅಂದೆ. ಅವರ ಹೆಂಡತಿ ನನಗೆ ಅಕ್ಕಾರು, ನಾನು ಅವರಿಗೆ ತಮ್ಮ.

ಬೇಸ್‌ಮೆಂಟಿನ ಕಿಟಕಿ ಹೊರಗಿನ ನೆಲದ ಮಟ್ಟಕ್ಕೆ ಇರುತ್ತದೆ. ಅದರಿಂದ ಲೋಕ ಕಾಣುತ್ತದೆ, ಆದರೆ ಮೊಣಕಾಲಿನವರೆಗೆ ಮಾತ್ರ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ನಾನು ಇಡೀ ಓಣಿಯನ್ನು ಕಾಲಿನಿಂದ ಗುರುತಿಸಬಲ್ಲವನಾದೆ. ಪೋಸ್ಟಿನವಳ ಕಾಲು ಅವಸರದ್ದು, ಪಕ್ಕದ ಮನೆ ಮುದುಕನ ಕಾಲು ಯಾವಾಗಲೂ ನಾಯಿಯ ಕಾಲಿಗೆ ಸಿಕ್ಕಿಕೊಂಡದ್ದು. ನನಗೆ ಎದುರಿಗೆ ಒಂದು ಮಾದರಿ ಇಲ್ಲದೆ ಬರೆಯಲು ಬರುವುದಿಲ್ಲ. ಮುಖವನ್ನು ಟಿವಿಯಲ್ಲಿ ನೋಡಿ ಬರೆದರೂ ಮೈ ಬೇಕಲ್ಲ? ಆ ಮನೆಯಲ್ಲಿ ಪುಕ್ಕಟೆ ಸಿಗುತ್ತಿದ್ದ ಮೈ ಸಾವ್ಕಾರ್ರದು.

ಅದು ಪಕ್ಕದ ದೇಶದಲ್ಲಿ ಅಧ್ಯಕ್ಷರ ಚುನಾವಣೆ ನಡೆದ ಕಾಲ. ಸಾವ್ಕಾರ್ರು ತಲೆಗೆ ಮಂಕಿ ಕ್ಯಾಪು ಹಾಕಿ, ಸೋಫಾದಲ್ಲಿ ಒರಗಿ, ಬಲಗಾಲನ್ನು ಎಡಗಾಲಿನ ಮೇಲೆ ಎಸೆದು, ಪಾದ ಕುಣಿಸುತ್ತ ಟಿವಿ ನೋಡುತ್ತಿದ್ದರು. ನೋಡುತ್ತಿದ್ದರು ಅನ್ನುವುದಕ್ಕಿಂತ ಎರಡೂ ಕಡೆಯವರಿಗೆ ಸಲಹೆ ಕೊಡುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಗೆದ್ದವರು ಆಮೇಲೆ ಕೆನಡಾನೂ ನಮಗೆ ಬೇಕು, ಗ್ರೀನ್‌ಲ್ಯಾಂಡೂ ಬೇಕು ಅಂತ ಶುರು ಮಾಡಿದರಲ್ಲ, ಆಗ ನಾನೊಂದು ವ್ಯಂಗ್ಯಚಿತ್ರ ಬರೆದೆ. ಉದ್ದ ಟೈ ಹಾಕಿದ ದೊಡ್ಡ ಮನುಷ್ಯ ಸೋಫಾದ ಮೇಲೆ ಕೂತಿದ್ದಾನೆ, ಕಾಲ ಮೇಲೆ ಕಾಲು. ತೊಡೆಯ ಮೇಲೆ ತಾಟು. ತಾಟಿನಲ್ಲಿ ಕೆನಡಾದ ನಕ್ಷೆಯ ಆಕಾರದ ಜೋಳದ ರೊಟ್ಟಿ, ಒಂದು ಕಡೆ ಈಗಾಗಲೇ ಕಚ್ಚಿದೆ. ಕೆಳಗೆ ಬರೆದೆ: "ಗ್ರೀನ್‌ಲ್ಯಾಂಡಿನ ಚಟ್ನಿ ಇದ್ರ ಒಂದೀಟು ಹಚ್ರಿ."

ಅದನ್ನು ನಮ್ಮ ಕಡೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮಿಸ್ಸಿಸಾಗದಿಂದ ಥಾರ್ನ್‌ಹಿಲ್‌ವರೆಗೆ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾವ್ಕಾರ್ರು. ಕಣ್ಣೀರು ಒರೆಸಿಕೊಂಡು, "ಎಷ್ಟ್ ಸೊಕ್ಕಿನಿಂದ ಕುಂತಾನ ನೋಡ್ ಮಗಾ" ಅಂದರು. ಆಮೇಲೆ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, "ಈ ಕೂಡೂ ರೀತಿ ಎಲ್ಲೋ ನೋಡೇನಿ" ಅಂದರು.

ಯೂನಿವರ್ಸಿಟಿಗೆ ಹೋಗುವ ಅವರ ಮಗಳು ಬಾಯಿ ತೆರೆದಳು: "ಡ್ಯಾಡ್, ದಟ್ಸ್ ಲಿಟರಲಿ…"

ಅಕ್ಕಾರು ಅವಳ ಬಾಯಿಗೆ ರೊಟ್ಟಿಯ ತುಂಡು ತುರುಕಿ, ಗಂಡನ ತಾಟಿಗೂ ಒಂದು ಬಿಸಿ ರೊಟ್ಟಿ ಹಾಕಿದರು. "ಮೊದಲ ಕಾಲು ಕೆಳಗ ಇಳಸ್ರಿ. ಚಟ್ನಿ ಚೆಲ್ತೈತಿ."

೨. ಹೆಗ್ಗಣ

ಆ ದಿನಗಳಲ್ಲಿ ಕೆನಡಾದವರಿಗೆಲ್ಲ ದೇಶಭಕ್ತಿ ಒಮ್ಮೆಲೇ ಉಕ್ಕಿತು. ಮೊದಲು ಹಾಲಿನ ಬೆಲೆ, ಹವಾಮಾನ ಬಿಟ್ಟು ಬೇರೆ ಮಾತಾಡದವರು ಈಗ ಟೊಮ್ಯಾಟೋವನ್ನು ತಿರುಗಿಸಿ ತಿರುಗಿಸಿ ಯಾವ ದೇಶದ್ದು ಅಂತ ನೋಡಿ ಕೊಳ್ಳತೊಡಗಿದರು. ಬ್ರ್ಯಾಂಪ್ಟನ್ನಿನ ಕಿರಾಣಿ ಅಂಗಡಿಯ ಗುಜರಾತಿ ಭಾಯಿಯೊಬ್ಬ ಪಾಜಿಯ ಹತ್ತಿರ ಬಂದು, ತನ್ನ ಅಂಗಡಿಯ ಗಾಜಿಗೆ ಒಂದು ಚಿತ್ರ ಬೇಕು ಅಂದ. ಪಕ್ಕದ ದೇಶದ ಹದ್ದು ಮೇಲಿಂದ ಎರಗುತ್ತಿರಬೇಕು, ನಮ್ಮ ಕೆನಡಾದ ರಾಷ್ಟ್ರಪ್ರಾಣಿ ಬೀವರ್ ಅದನ್ನು ಎದುರಿಸಿ ನಿಂತಿರಬೇಕು.

ಬೀವರನ್ನು ನಾನು ನೋಡಿರಲಿಲ್ಲ. ಪಾಜಿ ಹೇಳಿದ: ಇಲಿಯ ಹಾಗೇ, ಆದರೆ ದೊಡ್ಡದು, ಹಲ್ಲು ಮುಂದೆ. ನನಗೆ ತಕ್ಷಣ ಹುಬ್ಬಳ್ಳಿಯ ದಾಸ್ತಾನು ಮಳಿಗೆಗಳ ಹೆಗ್ಗಣ ಕಣ್ಣೆದುರು ಬಂತು. ಅದನ್ನು ಬೇಕಾದಷ್ಟು ನೋಡಿದ್ದೇನೆ, ಅದರ ಜೊತೆ ಮಲಗಿದ್ದೇನೆ. ಹದ್ದನ್ನು ದೂರದಿಂದ ಬಿಟ್ಟರೆ ಕಂಡಿರಲಿಲ್ಲ, ಹತ್ತಿರದಿಂದ ಕಂಡದ್ದು ನಮ್ಮ ಅವ್ವನ ಕೋಳಿ. ಮನಸ್ಸಿಟ್ಟು ಬರೆದೆ. ಹೆಗ್ಗಣ ಎದೆ ಸೆಟೆದು ನಿಂತಿತು, ಅದರ ತಲೆಯ ಮೇಲೆ ಒಂದು ಕೋಳಿ ಗಾಬರಿಯಿಂದ ಹಾರಾಡಿತು.

ಬೆಳಿಗ್ಗೆ ಗಾಜಿನ ಮುಂದೆ ಜನ ನಿಂತರು. ಒಬ್ಬ ಬಿಳಿ ಅಜ್ಜಿ ಬಹಳ ಹೊತ್ತು ನೋಡಿ, ಧೈರ್ಯವಂತ ಪ್ರಾಣಿ, ಆದರೆ ಇದರ ಬಾಲ ಹೀಗಿರೋದಿಲ್ಲ ಅಂದಳು. ಇನ್ನೊಬ್ಬ ಒಳಗೆ ಬಂದು ಅಕ್ಕಿ ಮೂಟೆಗಳನ್ನು ಒಂದೊಂದಾಗಿ ಸುತ್ತಿ ನೋಡಿ, ಏನೂ ಕೊಳ್ಳದೆ ಹೋದ. ಭಾಯಿ ಅಂಗಡಿಯೊಳಗಿಂದಲೇ ಫೋನು ಮಾಡಿ, ಕಿರಾಣಿ ಅಂಗಡಿ ಬಾಗಿಲಿಗೆ ಆಳೆತ್ತರದ ಇಲಿ ಬರೆದು ಹೋಗಿದ್ದಾನೆ ನಿನ್ನ ಕಲಾವಿದ ಅಂತ ಪಾಜಿಗೆ ಹಿಂದಿಯಲ್ಲಿ ಬೈದ. ಪಾಜಿ ನನಗೆ ಪಂಜಾಬಿಯಲ್ಲಿ ಬೈದ. ನಾನು ಬಕೆಟ್ಟು, ಚಿಂದಿ ಹಿಡಿದು ಅಳಿಸಲು ಹೋದೆ.

ಅಳಿಸಲು ಕೈ ಎತ್ತಿದ್ದೆ. ಅಷ್ಟರಲ್ಲಿ ಒಂದು ವ್ಯಾನು ಬಂದು ನಿಂತಿತು. ಇಳಿದವನು ಮನೆ ಮನೆಗೆ ಹೋಗಿ ಜಿರಳೆ, ಇಲಿ ಹಿಡಿಯುವ ಕಸುಬಿನವನು. ಇಷ್ಟು ವರ್ಷ ಇಂಥ ಚಿತ್ರಕ್ಕಾಗಿಯೇ ಹುಡುಕುತ್ತಿದ್ದೆ ಅಂದ. ಕೆನಡಾದ ಸ್ವಾತಂತ್ರ್ಯ ಕಾಪಾಡಲೆಂದು ಹುಟ್ಟಿದ ನನ್ನ ಹೆಗ್ಗಣ ಈಗಲೂ ಅವನ ವ್ಯಾನಿನ ಮೇಲೆ ಎದೆ ಸೆಟೆದು ಇಡೀ ಬ್ರ್ಯಾಂಪ್ಟನ್ ತಿರುಗುತ್ತಿದೆ. ಕೋಳಿಯನ್ನು ಅವನು ಬೇಡ ಅಂದ.

೩. ಚೂರಿ, ಮುಳ್ಳು, ರೊಟ್ಟಿ

ಇನ್ನು ಅಕ್ಕಾರ ವಿಷಯ ಹೇಳಬೇಕು.

ಅಕ್ಕಾರು ಈ ದೇಶಕ್ಕೆ ಬಂದ ಹೊಸದರಲ್ಲಿ ದೊಡ್ಡ ಸಂಘದ ಯುಗಾದಿಗೆ ಹೋಗಿದ್ದರಂತೆ. ದೊಡ್ಡ ಸಂಘ ಅಂದರೆ ರಿಚ್ಮಂಡ್ ಹಿಲ್, ಥಾರ್ನ್‌ಹಿಲ್ ಕಡೆಯ ಕನ್ನಡಿಗರದು, ಹೆಚ್ಚಾಗಿ ಬೆಂಗಳೂರು, ಮೈಸೂರಿನವರು. ಅಲ್ಲಿ ಅಕ್ಕಾರು ಬಾಯಿ ಬಿಟ್ಟರೆ ಸಾಕು, ಹೆಂಗಸರು ಒಬ್ಬರನ್ನೊಬ್ಬರು ಕರೆದು, "ನಿಮ್ಮ ಭಾಷೆ ಎಷ್ಟು ಮುದ್ದಾಗಿದೆ, ಇನ್ನೊಂದು ಸಲ ಹೇಳಿ" ಅನ್ನುತ್ತಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅಕ್ಕಾರು ಉಪ್ಪು ಕೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಿ ನಕ್ಕರೇ ಹೊರತು ಉಪ್ಪು ಕೊಡಲಿಲ್ಲವಂತೆ. ಮರಳಿ ಬಂದವರೇ ತಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಹಂಚು ಇಟ್ಟು, ಸುತ್ತಲಿನ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಕರೆದರು. ಅದೇ ರೊಟ್ಟಿ ಕೂಟವಾಯಿತು. ಬೆಳಗಾವಿ, ಧಾರವಾಡ, ವಿಜಯಪುರದ ಮನೆಗಳವರು ಸೇರುತ್ತ ಹೋಗಿ ಮನೆ ಸಾಲದೆ, ಈಗ ತಿಂಗಳಿಗೊಮ್ಮೆ ಚರ್ಚಿನ ಹಾಲು ಬಾಡಿಗೆ ಹಿಡಿದು ಕೂಡುತ್ತಾರೆ. ಭಾಷಣ ಇಲ್ಲ, ದೀಪ ಬೆಳಗುವುದು ಇಲ್ಲ. ರೊಟ್ಟಿ ಬಡಿಯುವ ಸದ್ದು, ಅದರ ಮೇಲೆ ಮಾತಿನ ಸದ್ದು. ಅಲ್ಲಿ ಅಕ್ಕಾರು ಏನಂದರೂ ಯಾರೂ ಇನ್ನೊಂದು ಸಲ ಹೇಳಿ ಅನ್ನುವುದಿಲ್ಲ, ಕಿವಿ ಕೇಳದವರು ಬಿಟ್ಟು.

ಒಂದು ತಿಂಗಳು ಕೂಟಕ್ಕೆ ರಿಚ್ಮಂಡ್ ಹಿಲ್‌ನಿಂದ ಎಂಜಿನಿಯರ್ ಸಾಹೇಬರು ಬಂದರು. ಮೈಸೂರಿನವರು, ಸಭ್ಯತೆ ಅಂದರೆ ಅವರೇ. ಬಾಗಿಲು ದೂಡುವಾಗಲೂ ಬಾಗಿಲಿನ ಕ್ಷಮೆ ಕೇಳುವಂಥವರು. ದೊಡ್ಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ತಾಟು ಕೊಟ್ಟರೆ ಚೂರಿ, ಮುಳ್ಳುಚಮಚ ಕೇಳಿ ಪಡೆದು, ಕಡಕ್ ರೊಟ್ಟಿಯನ್ನು ಕೊಯ್ಯಲು ಕೂತರು. ಮೊದಲನೇ ಏಟಿಗೆ ರೊಟ್ಟಿಯ ಒಂದು ತುಂಡು ಹಾರಿ ಪಕ್ಕದವರ ಚಹಾದಲ್ಲಿ ಬಿತ್ತು. ಎರಡನೆಯದು ಎಲ್ಲಿ ಬಿತ್ತೋ ಯಾರೂ ನೋಡಲಿಲ್ಲ. ಸಾಹೇಬರು ಮಾತ್ರ ನಗುಮುಖ ಬಿಡದೆ ಹೇಳಿದರು: ಎಷ್ಟು ದಿನ ಅಂತ ನಾವು ಬೇರೆ ಬೇರೆ ಇರೋದು? ಈ ಕೂಟವನ್ನ ದೊಡ್ಡ ಸಂಘದಲ್ಲಿ ಸೇರಿಸಿಬಿಡೋಣ. ಒಂದೇ ಛತ್ರಿ. ವರ್ಷಕ್ಕೊಂದು ಸಲ ರಾಜ್ಯೋತ್ಸವದಲ್ಲಿ ರೊಟ್ಟಿಗೆ ಅಂತಲೇ ಒಂದು ಕೌಂಟರ್ ಕೊಡ್ತೀವಿ.

ಅಕ್ಕಾರ ಕೈಯಲ್ಲಿದ್ದ ಹಿಟ್ಟಿನ ಉಂಡಿ ಕೈಯಲ್ಲೇ ಉಳಿಯಿತು. ಗಂಡ ಏನಾದರೂ ಅಂದಾರು ಅಂತ ಆ ಕಡೆ ನೋಡಿದರು. ಗಂಡ ಅಂದೇಬಿಟ್ಟರು. ಸಾವ್ಕಾರ್ರೂ ಅದೇ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು, ಹಿಂದೆ ನಿಂತು ಸೋತಿದ್ದರು, ಈ ಸಲ ಬೆಂಗಳೂರು, ಮೈಸೂರಿನವರ ಓಟೂ ಬೇಕಿತ್ತು. ಎದ್ದು ನಿಂತು, "ಸೇರಿಸಾವ್ರು ನೀವ್ಯಾರ್ರೀ? ನಾ ಗೆದ್ದು ನಾನ ಸೇರಿಸಿ ಕೊಡ್ತೇನಿ. ಕೂಟ ಅಂದ್ರ ನಮ್ಮನಿದಽ ಅಲ್ಲೇನ್ರೀ" ಅಂದರು.

ಅಕ್ಕಾರು ಹಿಟ್ಟಿನ ಉಂಡಿಯನ್ನು ರೊಟ್ಟಿ ತಟ್ಟುವ ಮರದ ಕೊಣಮಿಗೆಗೆ ಹಾಕಿ ಬಡಿಯತೊಡಗಿದರು. ಆ ದಿನದ ರೊಟ್ಟಿಗಳ ಮೂಲಕ ಆಚೆ ಕಡೆಯವರ ಮುಖ ಕಾಣುತ್ತಿತ್ತು.

೪. ಇಬ್ಬರ ಗುಟ್ಟಿನ ಕೆಲಸ

ಮರುದಿನ ಸಾವ್ಕಾರ್ರು ಮೆಟ್ಟಿಲಿಳಿದು ನನ್ನ ಕೋಣೆಗೆ ಬಂದರು. ಎದುರಾಳಿಯ ಮೇಲೆ ಒಂದು ವ್ಯಂಗ್ಯಚಿತ್ರ ಬೇಕು, ಯಾರಿಗೂ ಹೇಳಬಾರದು. ಮೂಗು ಉದ್ದ ಇರಲಿ, ಎದೆ ಚಿಕ್ಕದಿರಲಿ. ಪಕ್ಕದಲ್ಲಿ ತಾವಿರಬೇಕು, ಕುದುರೆಯ ಮೇಲೆ, ಪೇಟ ಸುತ್ತಿಕೊಂಡು. ಪೇಟದ ಕೆಳಗೆ ಹಣೆಯ ಮೇಲೆ ಕೂದಲು ಬಂದಿರಬೇಕು.

ಮಂಕಿ ಕ್ಯಾಪಿನ ಕೆಳಗೆ ಸಾವ್ಕಾರ್ರ ತಲೆ ಹಂಚಿನಷ್ಟು ನುಣುಪು. ಕೂದಲಿನ ಮಾತು ನಾನು ಎತ್ತಲಿಲ್ಲ, ಕುದುರೆಯ ಮಾತು ಎತ್ತಿದೆ. ಕುದುರೆ ಮೇಲೆ ಕೂತವರನ್ನು ನೋಡದೆ ಬರೆಯಲಾರೆ ಅಂದೆ. ಸ್ಟ್ರೀಟ್ಸ್‌ವಿಲ್‌ನಲ್ಲಿ ಕುದುರೆ ಎಲ್ಲಿ? ಕೊನೆಗೆ ಡ್ರೈವ್‌ವೇಯಲ್ಲಿದ್ದ ಹಿಮ ತಳ್ಳುವ ಮಷೀನಿನ ಮೇಲೆ ಅವರನ್ನು ಕೂರಿಸಿ, ತಲೆಗೆ ಅಕ್ಕಾರ ಇಳಕಲ್ ಸೀರೆ ಸುತ್ತಿ, ಕೈಗೆ ಸಲಿಕೆ ಕೊಟ್ಟೆ. ನಾಯಿಯ ಜೊತೆ ಬಂದ ಪಕ್ಕದ ಮನೆಯ ಮುದುಕ ನಿಂತು ನೋಡಿ, ಇದು ನಿಮ್ಮ ಹಬ್ಬವೋ ಅಂತ ಕೇಳಿದ. ಹೌದು ಅಂದೆ. ಅವನು ಟೊಪ್ಪಿಗೆ ತೆಗೆದು ಸಾವ್ಕಾರ್ರಿಗೆ ಶುಭಾಶಯ ಹೇಳಿ ಹೋದ. ಸಾವ್ಕಾರ್ರು ಸಲಿಕೆ ಎತ್ತಿ ಸ್ವೀಕರಿಸಿದರು.

ಅದೇ ವಾರ ಎಂಜಿನಿಯರ್ ಸಾಹೇಬರೂ ಪಾಜಿಯ ಅಂಗಡಿಗೆ ಬಂದರು. ಅವರದೂ ಗುಟ್ಟಿನ ಕೆಲಸವೇ.

"ನೋಡಿ, ಯಾರ ಮನಸ್ಸಿಗೂ ನೋವಾಗಬಾರದು" ಅಂದರು. "ಆದರೆ ಅವರು ಒಂದು ವಾರ ನಿದ್ದೆ ಮಾಡಬಾರದು. ಆ ಥರ ಆಗುತ್ತಾ?"

ಪ್ರಯತ್ನಿಸುತ್ತೇನೆ ಅಂದೆ. ತಮ್ಮ ಮುಖಕ್ಕೆ ಮಾದರಿ ಅಂತ ಮದುವೆಯ ಫೋಟೋ ಕೊಟ್ಟರು. ಅದರಲ್ಲಿ ಇವರು ಯಾರು ಅಂತ ತಿಳಿಯದೆ ನಾನು ಪುರೋಹಿತರನ್ನು ತೋರಿಸಿದೆ. ಸಾಹೇಬರು ಬಹಳ ಸಭ್ಯವಾಗಿ ಬೆರಳನ್ನು ಪಕ್ಕಕ್ಕೆ ಸರಿಸಿದರು. ಫೋಟೋದಲ್ಲಿ ಕೂದಲು ಬೇಕಾದಷ್ಟಿತ್ತು, ಈಗಿನ ತಲೆಯಲ್ಲಿ ಅದರ ನೆನಪು ಮಾತ್ರ ಇತ್ತು.

ಹೋಗುವ ಮುಂಚೆ ಅಧಿಕೃತವಾದ ಕೆಲಸವೊಂದನ್ನೂ ಕೊಟ್ಟರು. ಸಂಘದ ಮಹಾಸಭೆಗೆ ವೇದಿಕೆಯ ಹಿಂದೆ ಬಿಡಲು ದೊಡ್ಡ ಪರದೆ ಬೇಕು. ಒಂದು ದೊಡ್ಡ ಛತ್ರಿ, ಅದರ ಕೆಳಗೆ ನಗುವ ಕನ್ನಡಿಗರು. ಆ ದಿನ ಮೊದಲು ಕೂಟವನ್ನು ಸೇರಿಸಿಕೊಳ್ಳುವ ಠರಾವು, ಆಮೇಲೆ ಅಧ್ಯಕ್ಷರ ಚುನಾವಣೆ, ಆಮೇಲೆ ಊಟ. ಊಟ ಕೊನೆಗೆ ಇಡೋದು ಯಾಕೆ ಅಂದೆ. ಮೊದಲು ಇಟ್ಟರೆ ಠರಾವಿಗೆ ಯಾರೂ ಉಳಿಯೋಲ್ಲ ಅಂದರು.

ಇಬ್ಬರ ಗುಟ್ಟಿನ ಚಿತ್ರಗಳನ್ನೂ ಒಂದೇ ದಿನ ಮುಗಿಸಿ ಕೊಟ್ಟೆ. ಇಬ್ಬರೂ ನೋಡಿದ್ದು ತಮ್ಮ ಕೂದಲನ್ನು ಮಾತ್ರ. ಇಬ್ಬರೂ ಇನ್ನೂ ಸ್ವಲ್ಪ ದಟ್ಟ ಮಾಡು ಅಂತ ವಾಪಸು ಕಳಿಸಿದರು. ಚುನಾವಣೆ ಮುಗಿಯುವವರೆಗೂ ನಾನು ದಟ್ಟ ಮಾಡುತ್ತಲೇ ಇದ್ದೆ. ಹಾಗಾಗಿ ಆ ಎರಡೂ ಚಿತ್ರಗಳನ್ನು ಬೇರೆ ಯಾರೂ ನೋಡಲಿಲ್ಲ.

೫. ಪರದೆ

ಛತ್ರಿಯ ಪರದೆಯನ್ನು ಗ್ಯಾರೇಜಿನಲ್ಲಿ ಹಾಸಿ ಬರೆಯುತ್ತಿದ್ದೆ. ಅಕ್ಕಾರು ಚಹಾ ತಂದವರು ಹೋಗಲಿಲ್ಲ. ಡಬ್ಬಿಗಳ ಮೇಲೆ ಕೂತು ಛತ್ರಿಯನ್ನೇ ನೋಡಿದರು.

"ತಮ್ಮಾ, ಇದರಾಗ ನಾ ಎಲ್ಲಿದೀನಿ?"

ಒಂದು ಅಂಚಿನಲ್ಲಿ ಸೆರಗು ತೋರಿಸಿದೆ.

"ನನ್ನ ಹಂಚು, ನನ್ನ ಹಿಟ್ಟು. ಕೊಡಾವ್ರು ಇವ್ರು, ತಗೊಳ್ಳಾವ್ರು ಅವ್ರು. ನನ್ನ ಒಂದ್ ಮಾತು ಯಾರ್ ಕೇಳ್ಯಾರಪಾ?" ಅಂದರು. ದನಿ ಏರಿಸಲಿಲ್ಲ. ಸೆರಗಿನ ತುದಿಗೆ ಹತ್ತಿದ್ದ ಹಿಟ್ಟು ಝಾಡಿಸಿದರು. "ಇನ್ನೊಂದು ಪರದಾ ಐತೇನು? ಇದ್ರ ನಂದೂ ಒಂದು ಚಿತ್ರ ಬರಿ. ಮೊದಲ ನೀ ಬರದಿದ್ದೆಲ್ಲಾ, ತಾಟಿನಾಗ ದೇಶ ಹಾಕ್ಕೊಂಡು ಕುಂತಾವಂದು. ಅದನ್ನ ದೊಡ್ಡದು ಮಾಡು. ಈ ಸಲ ಇಬ್ಬರ್ನ ಕುಂದರಸು."

ಬಾಡಿಗೆ ಕೋಣೆ ಗಂಡನದು, ಊಟ ಹೆಂಡತಿಯದು. ಯಾವುದನ್ನು ಕಳಕೊಂಡರೆ ಹೆಚ್ಚು ನಷ್ಟ ಅಂತ ನಾನು ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ.

ಬರೆದೆ. ಉದ್ದ ಮೇಜು, ಮೇಜಿನ ನಡುವೆ ಒಂದೇ ಒಂದು ರೊಟ್ಟಿ. ಈ ತುದಿಗೆ ಪಕ್ಕದ ದೇಶದ ಬಾವುಟದ ನಕ್ಷತ್ರಗಳಿದ್ದ ಟೊಪ್ಪಿಗೆ ಹಾಕಿದ ಒಬ್ಬ ದೊಡ್ಡ ಮನುಷ್ಯ, ಬಲಗಾಲು ಎಡಗಾಲಿನ ಮೇಲೆ, ಕೈ ರೊಟ್ಟಿಯ ಅಂಚಿನಲ್ಲಿ. ಆ ತುದಿಗೆ ಅಂಥದೇ ಟೊಪ್ಪಿಗೆಯ ಇನ್ನೊಬ್ಬ, ಒಂದು ಕೈಯಲ್ಲಿ ಚೂರಿ, ಇನ್ನೊಂದರಲ್ಲಿ ಮುಳ್ಳುಚಮಚ, ಮುಖದ ತುಂಬ ಸಭ್ಯ ನಗು. ಇಬ್ಬರ ನಡುವೆ, ರೊಟ್ಟಿಯ ಮೇಲೆ, ಎದೆ ಸೆಟೆದು ನಿಂತ ಒಂದು ಹೆಗ್ಗಣ. ಅದಕ್ಕೆ ಬೀವರಿನ ಚಪ್ಪಟೆ ಬಾಲ ಹಚ್ಚಿದೆ, ಬಿಳಿ ಅಜ್ಜಿಯ ಮಾತು ಮರೆತಿರಲಿಲ್ಲ. ಹೆಗ್ಗಣದ ಮೈಮೇಲೆ ಇಳಕಲ್ ಸೀರೆ.

ಮಹಾಸಭೆಯ ದಿನ ಕಾರಿನಲ್ಲಿ ಒಂದೇ ಸುರುಳಿ ಇತ್ತು. ಯಾವುದು ಅಂತ ಕೇಳಿದೆ. "ನೀ ಬಾಯಿ ಮುಚ್ಚಿ ಗಾಡಿ ಹತ್ತು" ಅಂದರು ಅಕ್ಕಾರು.

ರಿಚ್ಮಂಡ್ ಹಿಲ್‌ನ ಸಂಘದ ಹಾಲು ತುಂಬಿತ್ತು. ಹಿಂದಿನಿಂದ ಬಿಸಿಬೇಳೆಯ ವಾಸನೆ ಬಂದು ಎಲ್ಲರೂ ಗಡಿಯಾರ ನೋಡುತ್ತಿದ್ದರು. ಪರದೆಯನ್ನು ಮೇಲಿನ ಕೊಳವೆಗೆ ಕಟ್ಟಿ ಒಂದು ಹಗ್ಗ ಇಳಿಬಿಟ್ಟಿದ್ದೆ. ಅದನ್ನು ಯಾರು ಎಳೆಯಬೇಕು ಅಂತ ಇಬ್ಬರು ಅಭ್ಯರ್ಥಿಗಳಿಗೂ ವಾದವಾಯಿತು. ಕೊನೆಗೆ ಇಬ್ಬರೂ ಒಂದೇ ಹಗ್ಗಕ್ಕೆ ಕೈ ಹಚ್ಚಿದರು. ನನಗೆ ಪಂಚಮಿಯ ಜೋಕಾಲಿ ನೆನಪಾಗಿ, ಹಿಂದಿನ ಬಾಗಿಲು ಎಲ್ಲಿದೆ ಅಂತ ನೋಡಿಟ್ಟುಕೊಂಡೆ.

ಪರದೆ ಸರ್ರನೆ ಬಿಚ್ಚಿತು. ಹಾಲಿಗೆ ಹಾಲೇ ನಕ್ಕಿತು.

ಇಲ್ಲಿಯೇ ನಾನು ಮನುಷ್ಯರ ಬಗ್ಗೆ ಒಂದು ದೊಡ್ಡ ಪಾಠ ಕಲಿತದ್ದು. ಸಾವ್ಕಾರ್ರು ಚಿತ್ರ ನೋಡಿದರು. ಚೂರಿ-ಮುಳ್ಳುಚಮಚದವನು ಎಂಜಿನಿಯರ್ ಅಂತ ಅವರಿಗೆ ಥಟ್ಟನೆ ತಿಳಿಯಿತು. ಇನ್ನೊಬ್ಬ ಪಕ್ಕದ ದೇಶದವನಿರಬೇಕು ಅಂದುಕೊಂಡರು. ಎಂಜಿನಿಯರ್ ಸಾಹೇಬರು ಚಿತ್ರ ನೋಡಿದರು. ಕಾಲ ಮೇಲೆ ಕಾಲು ಹಾಕಿದವನು ಸಾವ್ಕಾರ್ರು ಅಂತ ಅವರಿಗೂ ಥಟ್ಟನೆ ತಿಳಿಯಿತು. ಇನ್ನೊಬ್ಬ ಪಕ್ಕದ ದೇಶದವನಿರಬೇಕು ಅಂತ ಅವರೂ ಅಂದುಕೊಂಡರು. ಛತ್ರಿಯ ಬದಲು, ತಾವು ಗುಟ್ಟಿನಲ್ಲಿ ಹೇಳಿದ್ದನ್ನೇ ನಾನು ಹೀಗೆ ದೊಡ್ಡದಾಗಿ ಬರೆದಿದ್ದೇನೆ ಅಂತ ಇಬ್ಬರೂ ನನ್ನ ಕಡೆ ತಿರುಗಿ, ಒಬ್ಬರಿಗೆ ಕಾಣದಂತೆ ಇನ್ನೊಬ್ಬರು ಕಣ್ಣು ಹೊಡೆದರು.

ಎಂಜಿನಿಯರ್ ಸಾಹೇಬರು ಮೈಕು ಹಿಡಿದರು. ಈ ಚಿತ್ರಕ್ಕೆ ವಿವರಣೆ ಬೇಕಿಲ್ಲ ಅಂದು, ದೊಡ್ಡವರ ದುರಾಸೆಯ ಬಗ್ಗೆ ಬಹಳ ಸೊಗಸಾಗಿ ವಿವರಿಸಿದರು. ಚಿಕ್ಕವರನ್ನು ಒಂದು ಮಾತೂ ಕೇಳದೆ ನುಂಗುವುದು ನಾಗರಿಕರ ಲಕ್ಷಣವಲ್ಲ ಅಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿ ಸಾವ್ಕಾರ್ರಿಗೆ ತಡೆಯಲಾಗಲಿಲ್ಲ, ಮೈಕು ಕಸಿದುಕೊಂಡರು.

"ಇವ್ರು ಲಕ್ಷಣ ಅಲ್ಲ ಅಂದ್ರು. ನಾ ಹೇಳ್ತೀನಿ, ಅದು ದರೋಡೆ. ಸಣ್ಣಾವ್ರ ತಾಟಿಗೆ ಯಾರ ಕೈ ಹಾಕಿದ್ರೂ, ಅವ ನಮ್ಮಾವ ಇರ್ಲಿ, ಪರದೇಶದವ ಇರ್ಲಿ, ಆ ಕೈ ಮುರೀಬೇಕು."

ಇನ್ನೂ ದೊಡ್ಡ ಚಪ್ಪಾಳೆ. ಎಂಜಿನಿಯರ್ ಸಾಹೇಬರು ಮೈಕು ವಾಪಸು ಪಡೆದು, ಕೈಯಷ್ಟೇ ಅಲ್ಲ, ಅಂಥ ಯೋಚನೆಯೇ ಬರಬಾರದು ಅಂದರು. ಸಾವ್ಕಾರ್ರು ಯೋಚನೆ ಬಂದವನಿಗೆ ಓಟೇ ಹಾಕಬಾರದು ಅಂದರು. ಹೀಗೆ ಮೈಕು ಆ ಕೈಯಿಂದ ಈ ಕೈಗೆ ಹೋಗುತ್ತ, ಸಾಮ್ರಾಜ್ಯಶಾಹಿಯನ್ನು ಇಬ್ಬರೂ ಸೇರಿ ರಿಚ್ಮಂಡ್ ಹಿಲ್‌ನಿಂದ ಓಡಿಸಿಬಿಟ್ಟರು.

ಆಗ ಅಕ್ಕಾರು ಎದ್ದು ನಿಂತರು. ಮೈಕು ಕೇಳಲಿಲ್ಲ, ಹಂಚಿನ ಮುಂದೆ ಹೊಗೆಯಲ್ಲಿ ಬೆಳೆದ ಗಂಟಲಿಗೆ ಅದು ಬೇಕಿರಲಿಲ್ಲ.

"ಇಬ್ಬರೂ ಛೊಲೋ ಮಾತು ಹೇಳಿದ್ರಿ. ಸಣ್ಣಾವ್ರನ್ನ ಕೇಳದ ನುಂಗಬಾರದು. ಹಂಗಾದ್ರ ನಮ್ಮ ರೊಟ್ಟಿ ಕೂಟ ಹೆಂಗೈತಿ ಹಂಗ ಇರ್ಲಿ ಅಂತ ನಿಮ್ಮಿಬ್ಬರ ಮಾತು. ಹೌದಲ್ರೀ? ಹೌದನ್ನಾವ್ರು ಕೈ ಎತ್ರಿ. ಎತ್ತಿದ ಮ್ಯಾಲ ಊಟ."

ಕೈಗಳು ಎದ್ದವು. ಬೆಂಗಳೂರಿನವು, ಮೈಸೂರಿನವು, ಬೆಳಗಾವಿಯವು. ಕೊನೆಯ ಮಾತು ಕೇಳಿ ಅಡಿಗೆಯವರೂ ಕೈ ಎತ್ತಿದರು. ಮುಂದಿನ ಸಾಲಿನಲ್ಲಿದ್ದ ಬೆಂಗಳೂರಿನ ಹೆಂಗಸೊಬ್ಬರು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು: "ಇವರು ಹೇಳಿದ್ದು ಒಂದೇ ಸಲಕ್ಕೆ ಅರ್ಥ ಆಯ್ತಲ್ವಾ."

ವೇದಿಕೆಯ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗಷ್ಟೇ ಕೈ ಮುರಿಯಬೇಕು ಅಂದವರು ತಮ್ಮ ಕೈಯನ್ನು ಏನು ಮಾಡುವುದು? ಮೇಲೆತ್ತಿದರು.

ಬೆನ್ನಿಗೇ ನಡೆದ ಚುನಾವಣೆಯಲ್ಲಿ ಎಂಜಿನಿಯರ್ ಸಾಹೇಬರು ನಿರೀಕ್ಷೆಯಂತೆ ಗೆದ್ದರು. ಸಾವ್ಕಾರ್ರು ವಾಡಿಕೆಯಂತೆ ಸೋತರು. ಸೋತವರು ಸುಸ್ತಾಗಿ ಪರದೆಯ ಕೆಳಗಿನ ಕುರ್ಚಿಯಲ್ಲಿ ಒರಗಿ, ಬಲಗಾಲನ್ನು ಎಡಗಾಲಿನ ಮೇಲೆ ಎಸೆದು ಪಾದ ಕುಣಿಸತೊಡಗಿದರು. ಮೇಲೆ ಚಿತ್ರ, ಕೆಳಗೆ ಮಾದರಿ. ಊಟದ ಸಾಲು ಅಲ್ಲೇ ನಿಂತುಬಿಟ್ಟಿತು. ಮಗಳು ಈ ಸಲ ಬಾಯಲ್ಲಿ ಏನೂ ಇಲ್ಲದವಳು, ಹತ್ತಿರ ಬಂದು, "ಡ್ಯಾಡ್, ಲುಕ್ ಅಪ್" ಅಂದಳು.

ಸಾವ್ಕಾರ್ರು ಮೇಲೆ ನೋಡಿದರು. ಕೆಳಗೆ ತಮ್ಮ ಕಾಲು ನೋಡಿದರು. ಮತ್ತೆ ಮೇಲೆ ನೋಡಿದರು. ಕಾಲನ್ನು ಬಹಳ ನಿಧಾನ ಕೆಳಗಿಳಿಸಿ, ಜನರ ನಡುವೆ ನನ್ನನ್ನು ಹುಡುಕತೊಡಗಿದರು. ಆದರೆ ಅಷ್ಟರಲ್ಲಿ ಜನ ಫೋನು ಹಿಡಿದು ಮುತ್ತಿದ್ದರು, "ಸಾವ್ಕಾರ್ರ, ಕಾಲು ಮ್ಯಾಲ ಹಾಕ್ರಿ, ಒಂದು ಫೋಟೋ" ಅಂತ. ಗೆದ್ದ ಅಧ್ಯಕ್ಷರು ಹಾರ ಹಾಕಿಕೊಂಡು ಆ ಮೂಲೆಯಲ್ಲಿ ಒಬ್ಬರೇ ನಿಂತಿದ್ದರು. ಸೋತವರ ಮುಂದೆ ಥಾರ್ನ್‌ಹಿಲ್‌ನವರು ಮಕ್ಕಳನ್ನು ಕರೆತಂದು ಸಾಲು ಹಚ್ಚಿದ್ದರು.

ಆಮೇಲೆ ಅಧ್ಯಕ್ಷರು ನನ್ನ ಹತ್ತಿರ ಬಂದು, ಚೂರಿ-ಮುಳ್ಳುಚಮಚದವರು ಯಾರು ಅಂತ ತಮಗೆ ಈಗ ತಿಳಿಯಿತು ಅಂದರು. ಬೈಗುಳಕ್ಕೆ ತಯಾರಾದೆ. ಸಭ್ಯ ಮನುಷ್ಯ, ಬೈಯಲಿಲ್ಲ. "ನಿಮ್ಮಂಥವರು ಹೊರಗಿರೋದು ಅಪಾಯ. ಸಂಘದ ಸಾಂಸ್ಕೃತಿಕ ಸಮಿತಿಗೆ ನಿಮ್ಮನ್ನ ಖಾಯಂ ಸದಸ್ಯರನ್ನಾಗಿ ಮಾಡ್ತೀವಿ" ಅಂದರು.

ಖಾಯಂ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಅಂಗಾಲು ತುರಿಸತೊಡಗಿತು. ಪಂಚಮಿಯ ದಿನ ತುರಿಸಿದ್ದು ಅದೇ ಜಾಗ. ವಿನಿಪೆಗ್‌ನಲ್ಲಿ ಪಾಜಿಯ ಭಾವಮೈದುನನದೊಂದು ಬೋರ್ಡಿನ ಅಂಗಡಿ ಇದೆ ಅಂತ ಕೇಳಿದ್ದೆ.

ಮರುದಿನ ಕುಂಚಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದೆ. ಅಕ್ಕಾರು ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ತಂದಿಟ್ಟರು. ಅಲ್ಲಿ ಚಳಿ ಇದಕ್ಕಿಂತ ಹೆಚ್ಚಂತೆ, ಕಿವಿ ಮುಚ್ಚಿಕೋ ಅಂದರು. ಬರುವ ತಿಂಗಳು ಕೂಟಕ್ಕೆ ಎಷ್ಟು ಹಿಟ್ಟು ಬೇಕಾಗುತ್ತದೋ, ರಿಚ್ಮಂಡ್ ಹಿಲ್‌ನ ಹೆಂಗಸರೂ ಬಡಿಯಲು ಕಲಿಯುತ್ತೇವೆ ಅಂತ ಬರುತ್ತಿದ್ದಾರೆ ಅಂತ ಮುಖ ಅರಳಿಸಿ ಹೇಳಿ ಮೇಲೆ ಹೋದರು.

ಆಗ ಮೆಟ್ಟಿಲ ಮೇಲೆ ಸಾವ್ಕಾರ್ರ ಕಾಲು ಕಾಣಿಸಿತು. ಆ ಕಾಲನ್ನು ನಾನೆಲ್ಲಿದ್ದರೂ ಗುರುತಿಸುತ್ತೇನೆ. ಬೇಸ್‌ಮೆಂಟಿಗೆ ಹಿತ್ತಲ ಬಾಗಿಲಿಲ್ಲ, ನಾನು ಕಿಟಕಿಯ ಅಳತೆ ನೋಡಿದೆ.

ಅವರು ಇಳಿದು ಬಂದರು. ಕಂಕುಳಲ್ಲಿ ಸುರುಳಿ ಸುತ್ತಿದ ಪರದೆ. ಅದನ್ನು ನನ್ನ ಹಾಸಿಗೆಯ ಮೇಲೆ ಬಿಚ್ಚಿ, ನಕ್ಷತ್ರದ ಟೊಪ್ಪಿಗೆಯ ಕೆಳಗೆ ಬೆರಳಿಟ್ಟರು. ಆಮೇಲೆ ನನ್ನ ಚೀಲದಿಂದ ತಾವೇ ಒಂದು ಕುಂಚ ಹಿರಿದು ನನ್ನ ಕೈಗೆ ಕೊಟ್ಟು, ಇದ್ದ ಒಂದೇ ಕುರ್ಚಿಯಲ್ಲಿ ಒರಗಿ, ಮಂಕಿ ಕ್ಯಾಪು ತೆಗೆದು, ಬಲಗಾಲನ್ನು ಎಡಗಾಲಿನ ಮೇಲೆ ಎಸೆದರು.

"ಮ್ಯಾಲ ನಮ್ಮನಿ ಹಾಲಿನ ಗ್ವಾಡಿಗೆ ಹಾಕಾವ ಇದೀನಿ ಇದನ್ನ" ಅಂದರು. "ಹೋಗೂದು ಹೋಗು. ಹೋಗೂ ಮೊದಲ ಟೊಪಗಿ ಕೆಳಗ ಒಂದೀಟು ಕೂದಲಾ ಹಚ್ಚಿ ಹೋಗು."